ಮೂರನೆಯ ಬ್ಲೋವರ್

ಮೊದಲು ಕೈಗವಸು ಬಿಚ್ಚು, ಗುಂಟಿಸ್. ಬರಿಗೈ ಇಡು, ಇಲ್ಲಿ,
ಬೇರಿಂಗಿನ ನೆತ್ತಿಯ ಮೇಲೆ.
ಮೂರು ಎಣಿಸುವಷ್ಟು ಹೊತ್ತು ತಾಳಿದರೆ ಸರಿ,
ತಾಳದಿದ್ದರೆ ಅದಕ್ಕೆ ಜ್ವರ.
ಗೋಡೆಯಲ್ಲಿ ಮಾಪಕವಿದೆ, ಅದನ್ನೂ ನೋಡು.
ಅದೂ ಸುಳ್ಳು ಹೇಳಿದ್ದುಂಟು: ಹೋದ ವರ್ಷ ಇಲಿ ವೈರು ಕಡಿದು
ನಾಲ್ಕು ದಿನ ಮೂವತ್ತೆಂಟು ಮೂವತ್ತೆಂಟು ಎಂದೇ ಜಪಿಸಿತು.

ಹೊರಗೆ ದೌಗಾವ ನದಿ ಕಲ್ಲಾಗಿದೆ.
ಒಳಗೆ, ಈ ಕವಚದೊಳಗೆ, ಎರಡು ರೋಟರು,
ಜೋಡಿಕಾಳಿನ ಕಡಲೆಕಾಯಿಯ ಹಾಗೆ ನಡು ಸಣ್ಣ.
ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ,
ನಿಮಿಷಕ್ಕೆ ಸಾವಿರದೈನೂರು ಸಲ
ಮುಟ್ಟಿಯೇ ಬಿಡುವಂತೆ ಬಂದು
ಮುಟ್ಟದೆ ಹೋಗುತ್ತವೆ.
ನಡುವೆ ಒಂದು ಕೂದಲೆಳೆ ಜಾಗ.
ನನ್ನ ಸಂಬಳವೆಲ್ಲ ಆ ಕೂದಲೆಳೆಯನ್ನು ಕಾಯಲು ಕೊಟ್ಟದ್ದು.

ಎಣ್ಣೆ ಗಾಜಿನ ಕಣ್ಣಿನ ನಡುಗೆರೆಗೆ. ನಿಂತಾಗ ನೋಡು, ಓಡುವಾಗಲ್ಲ.
ಕಡಿಮೆಯಾದರೆ ಗೇರಿನ ಹಲ್ಲು ಸವೆಯುತ್ತದೆ, ಅದು ಎಲ್ಲರಿಗೂ ಗೊತ್ತು.
ಹೆಚ್ಚಾದರೆ ನೊರೆಯೆದ್ದು ಕಾಯುತ್ತದೆ; ಅತಿಯಾದರೆ ಅಮೃತವೂ ವಿಷ.
ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.
ಬೆರಳಲ್ಲಿ ತಿಕ್ಕಿದಾಗ ಮಿನುಗಿದರೆ ಅದು ಉಕ್ಕು.
ಮಿನುಗು ಕಂಡ ದಿನ ಊಟಕ್ಕೆ ಕೂರಬೇಡ.

ಜೂನಿನಲ್ಲಿ ಪಾಪ್ಲರ್ ಮರಗಳು ಅರಳೆ ಹಾರಿಸುತ್ತವೆ.
ಬೀದಿಯ ಮಕ್ಕಳು ಬೊಗಸೆ ಬೊಗಸೆ ಬಾಚಿ ಕುಣಿಯುತ್ತವೆ,
ನಮ್ಮ ಫಿಲ್ಟರಿಗೆ ಉಬ್ಬಸ.
ಮುಳ್ಳು ಕೆಂಪು ಮುಟ್ಟುವ ಮುಂಚೆ ಬದಲಿಸು.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರಿಸಬೇಡ.

ಯಾರಿಗೆ ಇಷ್ಟೊಂದು ಗಾಳಿ ಎಂದೆಯಲ್ಲ ನಿನ್ನೆ.
ಕಿಟಕಿಯಾಚೆ ಆ ತೊಟ್ಟಿ ನೋಡು: ಕಂದು ನೀರು, ಪುಟ್ಟ ಪುಟ್ಟ ಗುಳ್ಳೆ.
ಊರು ತೊಳೆದು ಬಿಟ್ಟದ್ದನ್ನು ತಿಂದು ಬದುಕುವವರು,
ಒಂದೊಂದು ಹನಿಯಲ್ಲೂ ಊರಿಗಿಂತ ಹೆಚ್ಚು ಜನ.
ಅವರಿಗೆ ಮೂಗಿಲ್ಲ. ಮೂಗು ಇದು.

ಒಂದು ಜನವರಿ, ತಮ್ಮ ಅರ್ವೀಡ್ಸನ ಮದುವೆಯ ಮರುದಿನ,
ತಲೆ ಸಿಡಿಯುತ್ತಿತ್ತು. ಕುರ್ಚಿಯಿಂದ ಏಳದೆಯೇ
ಪುಸ್ತಕದಲ್ಲಿ ಬರೆದೆ: ಎರಡು ಸರಿ. ಮೂರು ಸರಿ.
(ಒಂದನೆಯದು ಬಿಚ್ಚಿ ಹರವಿತ್ತು, ಬಿಡಿಭಾಗ ಬರಬೇಕಿತ್ತು.)
ರಾತ್ರಿ ಎರಡಕ್ಕೆ ಕೂದಲೆಳೆ ಮುಗಿಯಿತು.
ಆ ಸದ್ದು ಹೇಳಲಾರೆ.
ಎರಡನೆಯದು ಒಂಟಿಯಾಗಿ ಏದುತ್ತ ಏದುತ್ತ
ನಾಲ್ಕಕ್ಕೆ ಅದೂ ನಿಂತಿತು.
ಬೆಳಕಾಗುವಾಗ ತೊಟ್ಟಿ ಕಪ್ಪು.
ನಾತ ಚರ್ಚಿನ ಬಾಗಿಲ ತನಕ ಹೋಗಿತ್ತಂತೆ.
ಪಕ್ಕದ ಊರಿನಿಂದ ಟ್ಯಾಂಕರಿನಲ್ಲಿ ಜೀವವಿರುವ ಕೆಸರು ತಂದೆವು,
ಹೆಪ್ಪಿಗೆಂದು ನೆರೆಮನೆಯಲ್ಲಿ ಮಜ್ಜಿಗೆ ಕೇಳುವ ಹಾಗೆ.
ಬಣ್ಣ ತಿರುಗಲು ಹದಿನೇಳು ದಿನ.
ಯಾರೂ ಬೈಯಲಿಲ್ಲ.
ಆ ಪುಟ ಇನ್ನೂ ಇದೆ, ಕಪಾಟಿನ ಮೇಲಿನ ಅರೆಯಲ್ಲಿ.
ಎಷ್ಟು ದುಂಡಗಿದೆ ನನ್ನ ಅಕ್ಷರ.

ಈಗ ಸ್ಕ್ರೂಡ್ರೈವರ್ ತಗೋ. ತುದಿ ಬೇರಿಂಗಿಗೆ, ಹಿಡಿ ಕಿವಿಗೆ.
ಏನು?
ಸಣ್ಣಗೆ ಕೀರುತ್ತಿದೆಯೆ?
ಚಮಚದಲ್ಲಿ ಗಾಜಿನ ತಳ ಕೆರೆದ ಹಾಗೆ?
ಕೊಡು ಇಲ್ಲಿ.

ನನಗೆ ಕೇಳುವುದಿಲ್ಲ, ಗುಂಟಿಸ್.
ಇಪ್ಪತ್ತೊಂಬತ್ತು ವರ್ಷ ಈ ಕೋಣೆಯಲ್ಲಿ;
ಕಿವಿ ಮುಚ್ಚಲು ಕಲಿತದ್ದು ತಡವಾಗಿ.
ಮೇಲಿನ ಸ್ವರಗಳು ಹೋಗುವಾಗ ಹೇಳಿ ಹೋಗಲಿಲ್ಲ.
ಮನೆಯಲ್ಲಿ ಫೋನ್ ಬಂದರೆ
ನಾಯಿ ತಲೆಯೆತ್ತಿದಾಗ ಗೊತ್ತಾಗುತ್ತದೆ.

ಇನ್ನೊಮ್ಮೆ ಕೇಳು. ಇದೆಯೆ? ನಿಜವಾಗಿ?
ಹಾಗಾದರೆ ಎರಡನೆಯದನ್ನು ಎಬ್ಬಿಸು, ಕವಾಟ ತೆರೆದಿಟ್ಟು, ನಿಧಾನ.
ಅದು ಉಸಿರು ಹಿಡಿದ ಮೇಲೆ ಇದನ್ನು ನಿಲ್ಲಿಸು.
ಸ್ವಿಚ್ಚಿಗೆ ಬೀಗ ಹಾಕು. ಬೀಗದ ಕೈ ನಿನ್ನ ಜೇಬಿನಲ್ಲೇ ಇರಲಿ.

ಪುಸ್ತಕ ನಾನು ಬರೆಯುತ್ತೇನೆ:
ನಾಲ್ಕು ಗಂಟೆ ಹತ್ತು. ಮೂರನೆಯದು. ಮೋಟಾರಿನ ಕಡೆಯ ಬೇರಿಂಗು.
ಗುಂಟಿಸನಿಗೆ ಕೇಳಿಸಿತು.